ಸತ್ತ ಕಲ್ಲಿನ ಹಾಡು

ಸಾಣೆಕಲ್ಲಿಗೂ ಜೀವ ಇರುತ್ತದೆ ಎಂದರೆ ನನ್ನ ಅಕ್ಕ ನಗುತ್ತಾಳೆ. ನಗಲಿ, ಅವಳೇನು ಅದರ ಎದುರು ನಿಂತು ದುಡಿದವಳಲ್ಲ. ನಮ್ಮ ಎರಕದ ಕಾರ್ಖಾನೆಯಲ್ಲಿ ಕಲ್ಲಿಗೆ ಎರಡೇ ಜಾತಿ: ಬದುಕಿರುವ ಕಲ್ಲು, ಸತ್ತ ಕಲ್ಲು. ಗಾಲಿಯಂಥ ಆ ಕಲ್ಲಿನ ನಡುವಿನ ತೂತಿಗೆ ಕೋಲು ಹಾಕಿ ನೇತುಬಿಟ್ಟು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಬದುಕಿರುವ ಕಲ್ಲು ಗಂಟೆಯಂತೆ ಹಾಡುತ್ತದೆ. ಒಳಗೆ ಬಿರುಕು ಬಿಟ್ಟ ಕಲ್ಲು 'ದಬ್' ಎಂದು ಸುಮ್ಮನಾಗುತ್ತದೆ. ಆ ಬಿರುಕು ಕಣ್ಣಿಗೆ ಕಾಣುವಂಥದ್ದಲ್ಲ. ಅಂಥ ಕಲ್ಲನ್ನು ಮಷಿನ್ನಿಗೆ ಏರಿಸಿ ಗಿರ್ರನೆ ತಿರುಗಿಸಿದರೆ ಯಾವ ಗಳಿಗೆಯಲ್ಲಾದರೂ ಸಿಡಿಯಬಹುದು. ನಮ್ಮ ಹಾಲ್‌ನ ಹಿಂದಿನ ಗೋಡೆಯಲ್ಲಿ ಮುಷ್ಟಿ ಗಾತ್ರದ ಒಂದು ಹಳ್ಳವಿದೆ. ಗೋಡೆಗೆ ಎಷ್ಟೋ ಸಲ ಸುಣ್ಣ ಬಳಿದಿದ್ದಾರೆ, ಅದನ್ನು ಮಾತ್ರ ಯಾರೂ ಮುಚ್ಚಿಲ್ಲ. ಕಲ್ಲು ಸಿಡಿದ ಆ ದಿನ ಗೋಡೆಗೂ ಮಷಿನ್ನಿಗೂ ನಡುವೆ ಒಬ್ಬ ಮನುಷ್ಯ ನಿಂತಿದ್ದ.

ಈಗ ಅದೇ ಜಾಗದಲ್ಲಿ ನಿಲ್ಲುವವನು ನಾನು. ಅಚ್ಚಿನಿಂದ ಬಂದ ಪಂಪಿನ ಕವಚಗಳ ಒರಟು ಅಂಚನ್ನು ಸಾಣೆ ಹಿಡಿದು ನಯ ಮಾಡುವುದು ನನ್ನ ಕೆಲಸ. ಕಲ್ಲು ತಟ್ಟಿ, ಕಿವಿಗೊಟ್ಟು, ಬದುಕಿದೆಯೋ ಸತ್ತಿದೆಯೋ ಎಂದು ಹೇಳುವವಳು ನನ್ನ ಅಕ್ಕನ ಮಗಳು. ಅವಳನ್ನು ಎಲ್ಲರೂ ಮೊಲ ಎಂದೇ ಕರೆಯುತ್ತಾರೆ. ಆ ಹೆಸರಿಟ್ಟವನೂ ನಾನೇ. ಚಿಕ್ಕವಳಿದ್ದಾಗ ನನ್ನ ಸೈಕಲ್ಲಿನ ಸರಪಳಿಯ ಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿದರೆ ಸಾಕು, ನಾನು ಬರುವಷ್ಟರಲ್ಲಿ ಬಾಗಿಲು ತೆರೆದು ನಿಂತಿರುತ್ತಿದ್ದಳು. ಅಷ್ಟು ಚುರುಕು ಕಿವಿ. ತಟ್ಟುವ ಕೆಲಸಕ್ಕೆ ಆಳು ಬೇಕೆಂದು ಮೇಸ್ತ್ರಿ ಹುಡುಕುತ್ತಿದ್ದಾಗ ನಾನು ಎದೆ ತಟ್ಟಿಕೊಂಡು ಅವಳ ಹೆಸರು ಹೇಳಿದೆ.

ಈ ಕೆಲಸದಲ್ಲಿ ಒಂದು ಮರ್ಯಾದೆ ಇದೆ. ತಟ್ಟುವವಳು ಕಲ್ಲಿನ ಮೇಲೆ ನೀಲಿ ಸೀಮೆಸುಣ್ಣದ ಗೀಟು ಎಳೆದು ಕೊಟ್ಟ ಮೇಲೆ ಸಾಣೆ ಹಿಡಿಯುವವನು ಅದನ್ನು ಮತ್ತೆ ತಟ್ಟಿ ನೋಡುವುದಿಲ್ಲ. ನೋಡಿದರೆ ಅವಳ ಮುಖಕ್ಕೆ ಉಗಿದ ಹಾಗೆ. ಹಿಂದೊಮ್ಮೆ ಒಬ್ಬ ಹಾಗೆ ಮಾಡಿದ್ದಕ್ಕೆ ಆಗ ತಟ್ಟುತ್ತಿದ್ದ ಮುದುಕ ಕೋಲು, ಹಿಡಿ ಎರಡನ್ನೂ ಅವನ ಕೈಗೇ ಕೊಟ್ಟು, ಅಂಗಿ ಬದಲಿಸಿಕೊಂಡು ಮನೆಗೆ ಹೋಗಿದ್ದ. ಇನ್ನು ನಾನು ತಟ್ಟಿ ನೋಡಿದರೂ ಏನು ಬಂತು? ನಾನು ಸೇರಿದ ಕಾಲದಲ್ಲಿ ಕಿವಿಗೆ ಏನನ್ನೂ ಹಾಕುತ್ತಿರಲಿಲ್ಲ. ಈಗ ಎಲ್ಲರಿಗೂ ಕಿವಿ ಮುಚ್ಚುವ ದಪ್ಪ ಬಟ್ಟಲು ಕೊಟ್ಟಿದ್ದಾರೆ, ನಾನೂ ಹಾಕುತ್ತೇನೆ. ಕಳ್ಳ ಹೋದ ಮೇಲೆ ಬೀಗ ಹಾಕಿದಂತೆ ನನ್ನ ಪಾಡು. ಎದುರಿನವರ ಬಾಯಿ ನೋಡಿಕೊಂಡು ಅರ್ಧ ಮಾತು ಹಿಡಿಯುತ್ತೇನೆ, ಉಳಿದರ್ಧಕ್ಕೆ ತಲೆಯಾಡಿಸುತ್ತೇನೆ. ಕಲ್ಲಿನ ವಿಷಯದಲ್ಲಿ ಮೊಲದ ಕಿವಿಯೇ ನನ್ನ ಕಿವಿ, ನನ್ನ ಪ್ರಾಣ ಇರುವುದೂ ಅಲ್ಲೇ.

ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಮೊಲ ಬಟ್ಟೆ ಒಗೆಯುವ ಮಷಿನ್ನಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಫೋನ್ ನೋಡುತ್ತಿದ್ದಳು. ಇಯರ್‌ಫೋನ್ ಕಿವಿಯಲ್ಲಿರಲಿಲ್ಲ, ಕುತ್ತಿಗೆಯಿಂದ ನೇತಾಡುತ್ತಿತ್ತು. ಮಷಿನ್ನಿನ ಕೆಂಪು ದೀಪ ಮಿಟುಕತೊಡಗಿತು. ಒಗೆದು ಮುಗಿದಾಗ ಅದು ಕೀಂ ಕೀಂ ಎಂದು ಕೂಗುತ್ತದಂತೆ, ನನಗಂತೂ ಅದು ಯಾವತ್ತೂ ಕೇಳಿಸಿದ್ದಿಲ್ಲ. ಮೊಲವೂ ತಲೆ ಎತ್ತಲಿಲ್ಲ. ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದವಳೇ ಗುಂಡಿ ಒತ್ತಿ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದಳು.

"ಆಗಿನಿಂದ ಬಡ್ಕೋತಾ ಇದೆ! ಮಾವಂಗೂ ಸೊಸೆಗೂ ಸೇರಿಸಿ ಈ ಮನೇಲಿ ಇರೋದು ಒಂದೇ ಜೊತೆ ಕಿವಿ, ಅದೂ ನಂದು."

ನಾವಿಬ್ಬರೂ ನಕ್ಕೆವು. ನಗುವಾಗಲೇ ನನಗೆ ಒಂದು ಕಂಡಿತು. ಅಕ್ಕ ಮಾತಾಡುವಾಗ ಮೊಲ ಅವಳ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದಳು. ಹಾಗೆ ನೋಡುವುದು ಏಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಊಟಕ್ಕೆ ಕೂತಾಗ ನೀರಿನ ಲೋಟವನ್ನು ಬಾಯಿಗೆ ಅಡ್ಡ ಹಿಡಿದು, ಅಕ್ಕನ ಜೊತೆ ಮಾತಾಡುವಷ್ಟೇ ದನಿಯಲ್ಲಿ, "ಮೊಲ, ನಿನ್ನ ಚಪ್ಪಲಿ ಕಿತ್ತೋಗಿದೆ, ನೋಡಿದ್ಯಾ?" ಎಂದೆ.

"ಹೂಂ ಮಾವ, ಚೆನ್ನಾಗಿದೆ," ಎಂದು ತಲೆಯಾಡಿಸಿ ಅವಳು ಊಟ ಮುಂದುವರಿಸಿದಳು.

ಅಕ್ಕ ಅದನ್ನು ತಮಾಷೆ ಎಂದುಕೊಂಡು ನಕ್ಕಳು. ನಾನು ಲೋಟ ಕೆಳಗಿಟ್ಟೆ. ಕೇಳಿಸದ ಮಾತಿಗೆ ತಲೆಯಾಡಿಸುವ ವಿದ್ಯೆಯಲ್ಲಿ ನಾನು ಪಳಗಿದವನು. ಆದರೆ ನನಗೆ ಐವತ್ತು ದಾಟಿದೆ. ಅವಳು ಇನ್ನೂ ಇಪ್ಪತ್ತೆರಡರ ಹುಡುಗಿ.

ಸಂಜೆ ಗೆಳತಿಯನ್ನು ನೋಡಲು ಹೊರಟವಳ ಜೊತೆ ನಾನೂ ಬಸ್ ನಿಲ್ದಾಣದವರೆಗೆ ಹೆಜ್ಜೆ ಹಾಕಿದೆ. ದಾರಿಯಲ್ಲಿ ಅವಳು ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ನನ್ನಂಥ ಕಿವುಡನಿಗೇ ಅದರೊಳಗಿನ ಹಾಡು ಹೊರಗೆ ಕೇಳಿಸಿತು.

"ಅಷ್ಟು ಜೋರಾಗಿ ಯಾಕೆ ಇಟ್ಕೋತೀಯೇ?"

"ಬಸ್ಸಿನ ಗಲಾಟೇಲಿ ಕೇಳಿಸಬೇಡ್ವಾ ಮಾವ?"

"ಕಿವಿ ಹಾಳಾಗತ್ತೆ, ಮಗಳೇ."

"ಅದು ಎಲ್ಲರಿಗೂ ಗೊತ್ತಿರೋದೇ. ಫೋನೇ ಹೇಳತ್ತೆ, ಇಷ್ಟು ಜೋರಾಗಿ ತುಂಬಾ ಹೊತ್ತು ಕೇಳಿದ್ರೆ ತೊಂದರೆ ಅಂತ. ಸರಿ ಅಂತ ಒತ್ತಿದ್ರೆ ಸುಮ್ಮನಾಗತ್ತೆ."

"ಒತ್ತಿಬಿಡ್ತೀಯಾ?"

"ಇನ್ನೇನು ಮಾಡ್ಲಿ? ನನ್ನ ಗೆಳತಿಯರೆಲ್ಲ ಒತ್ತೋದೇ. ಒಬ್ಬಳಂತೂ ಆಸ್ಪತ್ರೇಲಿ ನರ್ಸು, ಅವಳೂ ಒತ್ತುತ್ತಾಳೆ. ಅದೆಲ್ಲ ನಿಮ್ಮ ವಯಸ್ಸಿಗೆ ಬರೋ ಕಾಯಿಲೆ ಮಾವ, ನಮಗೆ ಇನ್ನೂ ಟೈಮಿದೆ."

ಮಾತಿಗೆ ಅವಳು ಎಂದೂ ಕಮ್ಮಿಯಿಲ್ಲ. ರಾತ್ರಿಯಾದರೂ ತೆಗೆದಿಟ್ಟು ಮಲಗುತ್ತೀಯಾ ಎಂದು ಕೇಳಿದೆ. ಅವಳು ಇಲ್ಲವೆಂದು ತಲೆಯಲ್ಲಾಡಿಸಿದಳು.

"ಹಾಕ್ಕೊಳ್ದೇ ಇದ್ರೆ ನಿದ್ದೇನೇ ಬರಲ್ಲ. ದಿನವೆಲ್ಲ ಕಲ್ಲು ತಟ್ಟಿ ತಟ್ಟಿ, ಮನೆಗೆ ಬಂದ ಮೇಲೂ ಕಲ್ಲು ಹಾಡ್ತಾನೇ ಇರತ್ತೆ. ಸಣ್ಣಗೆ, ಕುಂಯ್ ಅಂತ. ಹಾಡು ಹಾಕ್ಕೊಂಡ್ರೆ ಅದು ಮುಚ್ಚಿಹೋಗತ್ತೆ. ಕೆಲಸದ ಅಭ್ಯಾಸ ಕಣೋ ಮಾವ, ನಿನಗೂ ಹಂಗಾಗಲ್ವಾ?"

ಅಷ್ಟರಲ್ಲಿ ಬಸ್ಸು ಬಂತು. ಇನ್ನೊಂದು ಕಿವಿಗೂ ಸಿಕ್ಕಿಸಿಕೊಂಡು, ಕಿಟಕಿಯಿಂದ ಕೈ ಬೀಸಿ ಅವಳು ಹೋದಳು. ನಾನು ನಿಲ್ದಾಣದ ಬೆಂಚಿನ ಮೇಲೆ ಕೂತುಬಿಟ್ಟೆ. ಹೌದು, ನನಗೂ ಹಾಗಾಗುತ್ತದೆ. ಮಷಿನ್ ನಿಂತ ಮೇಲೂ ತಲೆಯೊಳಗೆ ಒಂದು ಕುಂಯ್ ನಿಲ್ಲುವುದಿಲ್ಲ. ಅದನ್ನು ನಾನು ಅಕ್ಕನಿಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಆದರೆ ಅವಳಿಗಿಂತ ಮುಂಚೆ ಕಲ್ಲು ತಟ್ಟುತ್ತಿದ್ದ ಮುದುಕ ಮನೆಗೆ ಹೋದ ಮೇಲೂ ಕಲ್ಲು ಹಾಡುತ್ತದೆ ಎಂದು ಒಮ್ಮೆಯೂ ಹೇಳಿದ್ದು ನನಗೆ ನೆನಪಾಗಲಿಲ್ಲ. ಮೇಸ್ತ್ರಿಗೆ ಒಂದು ಮಾತು ಹೇಳಿದರೆ ಮುಗಿಯಿತು, ಆದರೆ ಆ ಮಾತಿನಿಂದ ಅವಳ ಕೆಲಸವೂ ಮುಗಿಯುತ್ತದೆ. ಬೆಳಿಗ್ಗೆ ಮೊದಲು ಅವಳನ್ನೇ ಒಂದು ಕಡೆ ಕೂರಿಸಿ ಮಾತಾಡೋಣ ಎಂದುಕೊಂಡು ಎದ್ದೆ.

ಬೆಳಿಗ್ಗೆ ಮಾತಾಡಲು ಎಲ್ಲಿಯ ಬಿಡುವು? ಕಾರ್ಖಾನೆಯ ಗೇಟಿನಲ್ಲೇ ರಂಪವಾಗಿತ್ತು. ಹೊಸ ಕಲ್ಲುಗಳ ಪೆಟ್ಟಿಗೆ ಇಳಿಸುವಾಗ ಹಮಾಲರ ಕೈಜಾರಿ ಲಾರಿಯಿಂದ ನೆಲಕ್ಕೆ ಬಿದ್ದಿತ್ತಂತೆ. ಮೇಸ್ತ್ರಿ ಲಾರಿಯವನ ಜನ್ಮ ಜಾಲಾಡುತ್ತಿದ್ದರು. ಆಮೇಲೆ ಮೊಲದ ಕಡೆ ತಿರುಗಿ, "ಒಂದೂ ಬಿಡದೆ ತಟ್ಟಮ್ಮ, ಸತ್ತಿದ್ದೆಲ್ಲ ಬೇರೆ ಇಡು, ಇವನ ತಲೆ ಮೇಲೇ ಹೊರಿಸಿ ಕಳಿಸ್ತೀನಿ," ಎಂದರು. ಅವಳು ಪೆಟ್ಟಿಗೆಯನ್ನು ತನ್ನ ಕೋಣೆಗೆ ಎಳೆಸಿಕೊಂಡು ಬಾಗಿಲು ಹಾಕಿಕೊಂಡಳು.

ಅವಳ ಕೋಣೆಯ ಬಾಗಿಲಿಗೆ ಒಳಗಿನಿಂದ ರಬ್ಬರು ಹೊಡೆದಿದೆ, ಹಾಲ್‌ನ ಸದ್ದು ಒಳಗೆ ಬರದಿರಲಿ ಎಂದು. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ತೆರೆದು ಕೈಗಾಡಿಯಲ್ಲಿ ಪೆಟ್ಟಿಗೆಯ ನಾಲ್ಕೂ ಕಲ್ಲುಗಳು ಹೊರಗೆ ಬಂದವು. ಪ್ರತಿಯೊಂದರ ಮೇಲೂ ನೀಲಿ ಗೀಟು. ನನ್ನ ಪಕ್ಕದ ಮಷಿನ್ನಿನವನು ಒಂದನ್ನು ಎತ್ತಿಕೊಂಡ. ಮದುವೆಯಾಗಿ ಮಗು ನಡೆಯಲು ಕಲಿತರೂ ಅವನಿಗೆ ಹೊಸ ಅಳಿಯ ಎಂಬ ಹೆಸರು ಮಾಸಿಲ್ಲ. ಇನ್ನಿಬ್ಬರು ಒಂದೊಂದು ಒಯ್ದರು. ನಾನೂ ಒಂದನ್ನು ಎತ್ತಿ ಎದೆಗೆ ಒರಗಿಸಿಕೊಂಡೆ.

"ಸತ್ತಿದ್ದು ಎಷ್ಟು?" ಎಂದು ಮೇಸ್ತ್ರಿ ಕೇಳಿದರು.

"ಒಂದೂ ಇಲ್ಲ ಮೇಸ್ತ್ರಿಗಳೇ. ಎಲ್ಲ ಹಾಡ್ತಿವೆ," ಎಂದಳು ಮೊಲ.

ಮೇಸ್ತ್ರಿ ಖುಷಿಯಾಗಿ ಹೋದರು. ನಾನು ಮಾತ್ರ ಅಲ್ಲೇ ನಿಂತೆ. ಲಾರಿಯಿಂದ ಬಿದ್ದ ಪೆಟ್ಟಿಗೆಯಲ್ಲಿ ಒಂದೂ ಸಾಯದೆ ಉಳಿದದ್ದನ್ನು ನಾನು ಇಷ್ಟು ಕಾಲದಲ್ಲಿ ಕಂಡಿಲ್ಲ. ಮೇಜಿನಿಂದ ಉರುಳಿದ ಕಲ್ಲೇ ಸಾಯುತ್ತದೆ. ಹಿಂದಿನ ಸಂಜೆಯ ಅವಳ ಮಾತು ಈಗ ನನ್ನ ತಲೆಯಲ್ಲಿ ತನ್ನ ಜಾಗಕ್ಕೆ ಹೋಗಿ ಕೂತಿತು. ಮನೆಯಲ್ಲೂ ಕಲ್ಲು ಹಾಡುತ್ತಲೇ ಇರುತ್ತದೆ ಎಂದಿದ್ದಳು. ಹಾಗಾದರೆ ಕೋಣೆಯಲ್ಲಿ ಅವಳು ಕೇಳಿದ್ದು ಯಾವುದನ್ನು?

ಹೊಸ ಅಳಿಯನ ಮಷಿನ್ ಶುರುವಾಯಿತು, ಕಾಲಡಿಯ ನೆಲದಲ್ಲಿ ಅದರ ನಡುಕ ತಿಳಿಯಿತು. ನನ್ನ ಬೆನ್ನಿಗೆ ಗೋಡೆಯ ಹಳ್ಳ ಚುಚ್ಚಿದ ಹಾಗಾಯಿತು. ಮಷಿನ್ನಿಗೆ ಏರಿಸಲು ಎರಡು ಸಲ ಎತ್ತಿದೆ, ಎರಡು ಸಲವೂ ಇಳಿಸಿದೆ. ನನಗೆ ಸಾಯುವ ಹೆದರಿಕೆ ಇತ್ತು, ಅದನ್ನು ಮುಚ್ಚಿಡುವುದೇಕೆ? ಅದಕ್ಕಿಂತ ದೊಡ್ಡ ಹೆದರಿಕೆ ಎಂದರೆ ನನ್ನ ಮೊಲದ ಗೀಟಿನ ಕೆಳಗೆ ಯಾರಾದರೂ ಸತ್ತರೆ ಅವಳು ಮುಂದೆ ಹೇಗೆ ಬದುಕುತ್ತಾಳೆ ಎಂಬುದು. ಕಲ್ಲನ್ನು ಎತ್ತಿಕೊಂಡು ಅವಳ ಕೋಣೆಯ ಕಡೆ ನಡೆದೆ. ದಾರಿಗೆ ಅಡ್ಡ ಬಂದ ಮೇಸ್ತ್ರಿ ಏನೆಂದು ಹುಬ್ಬು ಹಾರಿಸಿದರು. ತೂತು ಬಿಗಿ, ಮಷಿನ್ನಿಗೆ ಕೂರುತ್ತಿಲ್ಲ ಎಂದು ಬಾಯಿಗೆ ಬಂದ ಸುಳ್ಳು ಹೇಳಿದೆ.

ನನ್ನ ಕೈಯಲ್ಲಿ ಕಲ್ಲು ಕಂಡ ಕೂಡಲೇ ಮೊಲದ ಮುಖ ಬಿಗಿಯಿತು.

"ಯಾಕೆ ವಾಪಸ್ ತಂದೆ?"

ನಾನು ಬಾಗಿಲು ಹಾಕಿ, ಕಿವಿಯ ಬಟ್ಟಲು ತೆಗೆದು, "ಇನ್ನೊಂದು ಸಲ ತಟ್ಟು," ಎಂದೆ.

"ಮಾವ! ನನ್ನ ಗೀಟಿದೆ ಅದರ ಮೇಲೆ. ಬೇರೆ ಯಾರಾದ್ರೂ ಆಗಿದ್ರೆ ನಾನು..." ಅವಳ ಕಣ್ಣಲ್ಲಿ ನೀರು ತುಂಬಿತು. "ನೀನೇನಾ ನನ್ನ ನಂಬದೇ ಇರೋನು?"

"ನನ್ನ ಮೇಲಿನ ಸಿಟ್ಟು ಆಮೇಲೆ ತೀರಿಸ್ಕೋ. ಈಗ ತಟ್ಟು."

ಅವಳು ಕಲ್ಲನ್ನು ಕೋಲಿಗೆ ನೇತುಹಾಕಿದಳು. ಮರದ ಹಿಡಿ ಎತ್ತಿಕೊಂಡು, ಎಂದಿನಂತೆ ಕಣ್ಣು ಮುಚ್ಚಿದಳು. ಕೇಳುವಾಗ ಕಣ್ಣು ಮುಚ್ಚುವುದು ಅವಳ ರೂಢಿ. ಒಮ್ಮೆ ತಟ್ಟಿದಳು. ನನಗೆ ಏನೂ ಕೇಳಿಸಲಿಲ್ಲ. ನಾನು ಒಂದು ಹೆಜ್ಜೆ ಮುಂದಿಟ್ಟು, ಸದ್ದಾಗದಂತೆ, ಎರಡೂ ಅಂಗೈಗಳಿಂದ ಕಲ್ಲನ್ನು ಎರಡು ಬದಿಯಿಂದಲೂ ಒತ್ತಿ ಹಿಡಿದೆ. ಹಾಗೆ ಹಿಡಿದ ಕಲ್ಲು ಉಸಿರೂ ಬಿಡಲಾರದು. ಹಿತ್ತಾಳೆ ಪಾತ್ರೆಯನ್ನು ಬಡಿದು ಕೈಯಿಟ್ಟರೆ ಸದ್ದು ಸಾಯುವುದು ಮಕ್ಕಳಿಗೂ ಗೊತ್ತು.

"ಈಗ?" ಎಂದು ಗಟ್ಟಿಯಾಗಿ ಕೇಳಿದೆ.

"ಹಾಡ್ತಿದೆ."

ಸ್ವಲ್ಪ ಕಾದೆ. ಕೈ ಸಡಿಲಿಸಲಿಲ್ಲ.

"ಈಗಲೂ?"

"ಈಗಲೂ ಹಾಡ್ತಿದೆ ಮಾವ. ಎಷ್ಟು ಚೆನ್ನಾಗಿ ಹಾಡ್ತಿದೆ, ನಿನಗೆ ಕೇಳಿಸಲ್ಲ ಅಂತ ನನ್ನ ಮೇಲೆ..." ಎನ್ನುತ್ತ ಅವಳು ಕಣ್ಣು ತೆರೆದಳು.

ಕಲ್ಲಿನ ಮೇಲೆ ನನ್ನ ಕೈಗಳನ್ನು ಕಂಡಳು. ಒಮ್ಮೆ ಕೈ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಅವಳ ಮುಖದಿಂದ ಬಣ್ಣ ಇಳಿದುಹೋದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಎರಡೂ ಕೈ ಎತ್ತಿ ಕಿವಿಗಳನ್ನು ಮುಚ್ಚಿಕೊಂಡಳು. ಮುಚ್ಚಿಕೊಂಡೂ ತಲೆಯಲ್ಲಾಡಿಸಿದಳು.

"ಮುಚ್ಚಿದ್ರೂ ಇದೆ ಮಾವ. ಒಳಗಿದೆ."

ಆಮೇಲೆ ಅವಳ ದೃಷ್ಟಿ ಬಾಗಿಲಿನ ಕಡೆ ಹೋಯಿತು. "ಅವರಿಗೆ ಕೊಟ್ಟಿದೀನಿ," ಎಂದಳು. ಮುಂದಿನದನ್ನು ಹೇಳಲಿಲ್ಲ, ಓಡಿದಳು.

ನಾನೂ ಹಿಂದೆ ಓಡಿದೆ. ಹಾಲ್‌ನಲ್ಲಿ ಕಿಡಿಗಳು ಹಾರುತ್ತಿದ್ದವು. ಹೊಸ ಅಳಿಯ ಕವಚವೊಂದನ್ನು ಎದೆಯ ಹತ್ತಿರ ಹಿಡಿದು, ಬಾಗಿ, ಮುಖವನ್ನು ಕಲ್ಲಿನ ನೇರಕ್ಕೇ ತಂದುಕೊಂಡಿದ್ದ. "ನಿಲ್ಲಿಸಿ!" ಎಂದು ಮೊಲ ಕಿರುಚಿದ್ದು ಅವಳ ಕುತ್ತಿಗೆಯ ನರ ಉಬ್ಬಿದ್ದರಿಂದ ನನಗೆ ತಿಳಿಯಿತು. ಯಾರು ಕೇಳಬೇಕು? ಎಲ್ಲರ ಕಿವಿಯ ಮೇಲೂ ಬಟ್ಟಲು. ಅವನ ಭುಜ ಹಿಡಿದು ಎಳೆದರೆ ಬೆಚ್ಚಿಬಿದ್ದು ಕವಚವನ್ನು ಕಲ್ಲಿಗೆ ಗುದ್ದಿಬಿಡುತ್ತಾನೆ, ಸತ್ತ ಕಲ್ಲಿಗೆ ಅಷ್ಟೇ ಸಾಕು. ಎಲ್ಲ ಮಷಿನ್ನುಗಳನ್ನೂ ಒಮ್ಮೆಗೇ ನಿಲ್ಲಿಸುವ, ಕಂಬದ ಮೇಲಿನ ಕೆಂಪು ಸ್ವಿಚ್ಚು ಹಾಲ್‌ನ ಆ ತುದಿಯಲ್ಲಿತ್ತು. ಅದನ್ನು ತಲುಪಬೇಕಾದರೆ ನಾಲ್ಕೂ ಮಷಿನ್ನುಗಳ ಮುಂದಿನಿಂದ ಹಾದುಹೋಗಬೇಕು. ಮೊಲ ಹಿಂದೆ ಮುಂದೆ ನೋಡದೆ ಕಿಡಿಗಳ ನಡುವೆ ಹಾದು ಹೋದಳು. ನಾನು ಗೋಡೆಯ ಹಳ್ಳವನ್ನೇ ನೋಡುತ್ತ, ಈಗ ಸಿಡಿಯುತ್ತದೆ, ಈಗ ಸಿಡಿಯುತ್ತದೆ ಎಂದುಕೊಂಡು ನಿಂತುಬಿಟ್ಟೆ.

ಅವಳು ಸ್ವಿಚ್ಚಿಗೆ ಜೋತುಬಿದ್ದು ಎಳೆದಳು.

ಕಿಡಿಗಳು ನಿಂತವು. ಕಲ್ಲುಗಳು ತಿರುಗಿ ತಿರುಗಿ ನಿಧಾನವಾದವು. ಒಬ್ಬೊಬ್ಬರೇ ಬಟ್ಟಲು ತೆಗೆದು ಅವಳ ಕಡೆ ತಿರುಗಿದರು. ನಾನು ಅವಳ ಬಳಿ ಹೋದೆ. ಅವಳು ಇನ್ನೂ ಸ್ವಿಚ್ಚು ಬಿಟ್ಟಿರಲಿಲ್ಲ. ಮಷಿನ್ನುಗಳಿಗೆ ಬೆನ್ನು ಮಾಡಿ, ಕಂಬಕ್ಕೆ ಹಣೆಯೊತ್ತಿಕೊಂಡು ನಿಂತಿದ್ದಳು.

"ನಿಂತಿತಾ ಮಾವ?" ಎಂದು ಕೇಳಿದಳು. "ನನಗೆ ಗೊತ್ತಾಗ್ತಿಲ್ಲ. ಎಲ್ಲ ನಿಂತಿತಾ?"

ಅವಳನ್ನು ತಿರುಗಿಸಿ ನಿಲ್ಲಿಸಿದೆ. ಮೇಸ್ತ್ರಿ ಕೆಂಡವಾಗಿ ಬಂದರು. ನಾನು ಏನೋ ಹೇಳಲು ಹೋದೆ, ಅವಳು ನನ್ನನ್ನು ಪಕ್ಕಕ್ಕೆ ಸರಿಸಿದಳು. "ನನಗೆ ಕಲ್ಲು ಕೇಳಿಸ್ತಿಲ್ಲ ಮೇಸ್ತ್ರಿಗಳೇ. ಯಾವಾಗಿನಿಂದ ಅಂತ ಗೊತ್ತಿಲ್ಲ. ನನ್ನ ಗೀಟು ಇರೋದೆಲ್ಲ ಇಳಿಸಿ," ಎಂದು ಎಲ್ಲರೆದುರು ಹೇಳಿದಳು. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು, ಅದು ಅವಳಿಗೆ ತಿಳಿಯಲಿಲ್ಲ. ಮೇಸ್ತ್ರಿ ಬೈಯುವುದನ್ನು ಬಿಟ್ಟು ಕಲ್ಲು ಇಳಿಸುವಂತೆ ಎಲ್ಲರಿಗೂ ಕೈಸನ್ನೆ ಮಾಡಿದರು.

ಮೊಲ ರಜೆ ಹಾಕಿದ ದಿನ ಕಲ್ಲು ತಟ್ಟುವವನು ಮರದ ಅಚ್ಚು ಮಾಡುವ ಬಡಗಿ. ಅವನನ್ನು ಕರೆಸಿದರು. ಮಷಿನ್ನುಗಳಿಂದ ಇಳಿಸಿದ ಮೂರು ಕಲ್ಲು, ನಾನು ಏರಿಸದೆ ಉಳಿಸಿದ ಒಂದು. ನನ್ನದನ್ನು ತಟ್ಟಿ ಬಡಗಿ ತಲೆದೂಗಿದ, ಬದುಕಿತ್ತು. ಎರಡನೆಯದೂ ಮೂರನೆಯದೂ ಬದುಕಿದ್ದವು. ಹೊಸ ಅಳಿಯನ ಕಲ್ಲನ್ನು ಒಮ್ಮೆ ತಟ್ಟಿದ, ಇನ್ನೊಂದು ಕಡೆ ತಟ್ಟಿದ, ಮತ್ತೆ ತಟ್ಟಲಿಲ್ಲ. ಅದನ್ನು ನಿದ್ದೆ ಹೋದ ಮಗುವನ್ನು ಇಳಿಸುವ ಹಾಗೆ ನೆಲದ ಮೇಲಿಟ್ಟು ಕೈ ಹಿಂದಕ್ಕೆ ಎಳೆದುಕೊಂಡ. ಹೊಸ ಅಳಿಯ ಅಲ್ಲೇ ನೆಲದ ಮೇಲೆ ಕೂತು ತನ್ನ ಮುಖವನ್ನು ಎರಡೂ ಕೈಯಿಂದ ಸವರಿ ಸವರಿ ನೋಡಿಕೊಂಡ.

ಮೊಲ ನನ್ನ ತೋಳು ಹಿಡಿದು ನಿಂತು ಬಡಗಿಯ ಕೈಯನ್ನೇ ನೋಡುತ್ತಿದ್ದಳು. ಅವಳಿಗೆ ನಾಲ್ಕೂ ಹಾಡಿದ್ದವಂತೆ. ಆಮೇಲೆ ಹೇಳಿದಳು.

ಮರುದಿನ ಕಿವಿಯ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅಕ್ಕನಿಗೆ ಬರುವಷ್ಟು ಧೈರ್ಯ ಇರಲಿಲ್ಲ, ಬಾಗಿಲಲ್ಲೇ ನಿಂತು ಕಳಿಸಿಕೊಟ್ಟಳು. ಗಾಜಿನ ಕಿಟಕಿಯ ಸಣ್ಣ ಪೆಟ್ಟಿಗೆಯಂಥ ಕೋಣೆಯಲ್ಲಿ ಮೊಲವನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತು ಎಂದರು. ನಾನು ಹೊರಗಿನಿಂದ ನೋಡುತ್ತಿದ್ದೆ. ಡಾಕ್ಟರು ಸದ್ದು ಕಳಿಸುವಾಗ ಅವಳು ಸುಮ್ಮನಿರುತ್ತಿದ್ದಳು. ಡಾಕ್ಟರು ಕೈಕಟ್ಟಿ ಕೂತಾಗ ಗುಂಡಿ ಒತ್ತುತ್ತಿದ್ದಳು. ಒತ್ತಿ, ಸರಿಯಾಯಿತೇ ಎಂದು ಗಾಜಿನಾಚೆಯಿಂದ ನನ್ನ ಮುಖ ನೋಡುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. "ಹೋಗಿದ್ದು ವಾಪಸ್ ಬರಲ್ಲಮ್ಮ. ಇರೋದನ್ನ ಉಳಿಸ್ಕೋಬಹುದು," ಎಂದರು. ಅವಳ ವಯಸ್ಸಿನವರು ಈಗೀಗ ಬಹಳ ಮಂದಿ ಬರುತ್ತಾರಂತೆ. ಎಲ್ಲರೂ ಹೇಳುವ ಮಾತೂ ಒಂದೇ ಅಂತೆ: ಗೊತ್ತಿತ್ತು ಡಾಕ್ಟ್ರೇ, ಆದರೆ ನನಗೆ ಇಷ್ಟು ಬೇಗ ಅಂತ ಗೊತ್ತಿರಲಿಲ್ಲ. ಒಳಗಿನ ಸದ್ದು ಯಾವಾಗ ನಿಲ್ಲುತ್ತದೆ ಎಂದು ಮೊಲ ಕೇಳಿದಳು. ಕೆಲವರಿಗೆ ಕಮ್ಮಿಯಾಗುತ್ತದೆ, ಕೆಲವರಿಗೆ ಹಾಗೇ ಇರುತ್ತದೆ ಎಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಮಧ್ಯಾಹ್ನದ ಬಿಸಿಲು. ಎದುರಿನ ಬಸ್ ನಿಲ್ದಾಣದಲ್ಲಿ ಅವಳ ವಯಸ್ಸಿನ ಹುಡುಗ ಹುಡುಗಿಯರು ಸಾಲಾಗಿ ನಿಂತಿದ್ದರು, ಹೆಚ್ಚು ಕಡಿಮೆ ಎಲ್ಲರ ಕಿವಿಯಲ್ಲೂ ಏನೋ ಸಿಕ್ಕಿಸಿತ್ತು. ಒಬ್ಬಳ ಫೋನಿನ ಪರದೆಯ ಮೇಲೆ ಏನೋ ಬಂತು. ಅವಳು ಓದದೆ ಹೆಬ್ಬೆರಳಿನಿಂದ ಒತ್ತಿ ಸರಿಸಿದಳು. ಮೊಲ ಅದನ್ನು ನೋಡಿದಳು. ಎದ್ದು ಅವಳ ಕಡೆ ಎರಡು ಹೆಜ್ಜೆ ಹೋದಳು, ಬಸ್ಸು ಬಂದು ಎಲ್ಲರನ್ನೂ ತುಂಬಿಕೊಂಡು ಹೋಯಿತು. ವಾಪಸು ಬಂದು ನನ್ನ ಪಕ್ಕ ಕೂತಳು.

"ಮಾವ, ನಿನಗೂ ಇದೆ ಅಲ್ವಾ? ಒಳಗಡೆ ಈ ಸದ್ದು?"

ಇಷ್ಟು ವರ್ಷ ಯಾರಿಗೂ ಹೇಳದ ವಿಷಯ. "ಹೂಂ," ಎಂದೆ.

"ಇಷ್ಟು ವರ್ಷದಲ್ಲಿ ಒಂದು ಸಲನೂ ನಿಂತಿಲ್ವಾ?"

ನಾನು ಎದುರಿನ ಖಾಲಿ ನಿಲ್ದಾಣ ನೋಡಿದೆ. ಅವಳು ಚೀಲದಿಂದ ಇಯರ್‌ಫೋನ್ ತೆಗೆದು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಇವತ್ತಿನಿಂದ ಇದು ಇಲ್ದೇ ಮಲಗಬೇಕು. ನನಗೆ ಭಯ ಆಗ್ತಿದೆ ಮಾವ. ನೀನು ಹೇಗೆ ಮಲಗ್ತೀಯ?"

ಅಭ್ಯಾಸ ಆಗತ್ತೆ ಮಗಳೇ, ಎಂದೆ. ಸ್ವಲ್ಪ ದಿನ ಅಷ್ಟೇ, ಆಮೇಲೆ ಇದೆ ಅನ್ನೋದೇ ಮರೆತುಹೋಗತ್ತೆ, ಎಂದೆ. ಆ ಸುಳ್ಳು ಹೇಳುವಾಗ ದನಿ ನಡುಗದಂತೆ ನೋಡಿಕೊಂಡೆ. ಆದರೆ ಅವಳು ದನಿಯನ್ನು ಕೇಳುತ್ತಿರಲಿಲ್ಲ, ನನ್ನ ತುಟಿಗಳನ್ನು ನೋಡುತ್ತಿದ್ದಳು. ನೋಡಿ ಮುಗಿದ ಮೇಲೆ ನನ್ನ ಭುಜಕ್ಕೆ ತಲೆಯಾನಿಸಿ, ಚಿಕ್ಕಂದಿನಲ್ಲಿ ಕತ್ತಲಾದಾಗ ಹಿಡಿಯುತ್ತಿದ್ದಂತೆ, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.